ಮುಸುಕು ಹಾಕಿಕೊಂಡು ಮೂಡಲು ಹುಡುಕಿದ್ದು

ನಮ್ಮ ಅಡುಗೆಮನೆಯ ಪಡುವಲ ಗೋಡೆಯಲ್ಲಿ, ಜರಡಿ ತೂಗುಹಾಕುವ ಮೊಳೆಗೆ ಒಂದು ಪ್ಲಾಸ್ಟಿಕ್ ಮುಸುಕು ನೇತಾಡುತ್ತಿರುತ್ತದೆ. ಟೋಪಿಯ ಅಂಚು ಗೇಣುದ್ದ ಮುಂದಕ್ಕೆ ಬೆಳೆದು, ಎರಡೂ ಕೆನ್ನೆಯ ಮೇಲೆ ಇಳಿಬಿದ್ದರೆ ಹೇಗಿರುತ್ತದೋ ಹಾಗಿದೆ. ಮನೆಗೆ ಬಂದವರು ಅದನ್ನು ನೋಡಿ ತಲೆಗೊಂದು ಮಾತಾಡುತ್ತಾರೆ. ನನ್ನ ಅಳಿಯ ಅದು ವೆಲ್ಡಿಂಗ್ ಮಾಡುವವರದು ಅಂದ. ನನ್ನ ಹೆಂಡತಿ ಗಿರಿಜಾ ಅದನ್ನು ಹಾಕಿಕೊಂಡು ಮೆಣಸಿನಕಾಯಿ ಒಗ್ಗರಣೆ ಕೊಡುತ್ತಾಳೆ. ಎಣ್ಣೆ ಸಿಡಿದರೂ ಮುಖಕ್ಕೆ ಹಾರುವುದಿಲ್ಲವಂತೆ. "ಇದು ವಿಮಾನ ನಡೆಸುವಾಗ ಹಾಕಿಕೊಳ್ಳುವುದು, ಹೊರಗಿನದು ಏನೂ ಕಾಣಬಾರದು ಅಂತ" ಎಂದು ನಾನು ಖರೆ ಹೇಳಿದರೆ ಮಾತ್ರ ಯಾರೂ ನಂಬುವುದಿಲ್ಲ. ನನ್ನ ಮುಖವನ್ನೊಮ್ಮೆ, ಗಿರಿಜಾಳ ಮುಖವನ್ನೊಮ್ಮೆ ನೋಡಿ ಚಹಾ ಕುಡಿದು ಹೊರಟುಬಿಡುತ್ತಾರೆ.

ಪಡುವಲ ಗೋಡೆ ಎಂದೆನಲ್ಲ, ಅದು ನಮ್ಮ ಕಡೆಯ ರೂಢಿ. ಮೂಡಲೆಂದರೆ ಪೂರ್ವ, ಪಡುವಲು ಪಶ್ಚಿಮ, ಬಡಗಲು ಉತ್ತರ, ತೆಂಕಲು ದಕ್ಷಿಣ. ಜಮಖಂಡಿಯ ಹಳೆಯ ಮನೆಗಳಲ್ಲಿ ಎಡ-ಬಲಕ್ಕೆ ಅಷ್ಟೇನೂ ಬೆಲೆ ಇರಲಿಲ್ಲ. ಎಡ-ಬಲ ಮನುಷ್ಯ ತಿರುಗಿದ ಹಾಗೆ ತಿರುಗುತ್ತವೆ, ಅವನ್ನು ನೆಚ್ಚಿಕೊಂಡರೆ ಸಂಸಾರ ಸಾಗುವುದಿಲ್ಲ. ನಮ್ಮ ಸೋದರತ್ತೆ ಪಡಸಾಲೆಯಲ್ಲಿ ಕೂತು, "ಬಡಗಲ ಗ್ವಾಡಿ ಗೂಡಿನಾಗ ಎಣ್ಣಿ ಗಿಂಡಿ ಐತಿ ತಾರೋ", "ತೆಂಕಲ ಮಗ್ಗಲಿಗೆ ಸರಿ, ಬೆಳಕಿಗಿ ಅಡ್ಡ ನಿಂತೀದಿ" ಎಂದು ಆಜ್ಞೆ ಮಾಡುತ್ತಿದ್ದಳು. ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಕೂಡ, "ಮೂಡಲಕ್ಕ ಕುಂತಾವಗ ತುಪ್ಪ ಬಂದಿಲ್ಲ ನೋಡ" ಎನ್ನುತ್ತಿದ್ದಳು. ಹೀಗೆ ಬೆಳೆದ ಹುಡುಗರಿಗೆ ತಲೆಯೊಳಗೇ ಒಂದು ದಿಕ್ಕಿನ ಗೂಟ ಹುಗಿದಿರುತ್ತದೆ. ಗಾಣದ ಮನೆಯ ಬಯಲಲ್ಲಿ ಕಣ್ಣು ಕಟ್ಟಿಕೊಂಡು ಆಡುವಾಗ ಗೆಳೆಯರು ನನ್ನನ್ನು ಬುಗುರಿಯಂತೆ ತಿರುಗಿಸಿ ಬಿಡುತ್ತಿದ್ದರು. ಬೆಲ್ಲದ ಕೊಪ್ಪರಿಗೆಯ ವಾಸನೆ ಬಂದದ್ದು ಪಡುವಲು, ಸಗಣಿಯ ವಾಸನೆ ಬಂದದ್ದು ಬಡಗಲು ಎಂದು ನಾನು ಸೆಟೆದು ನಿಂತು ಹೇಳುತ್ತಿದ್ದೆ. ಒಮ್ಮೆಯೂ ತಪ್ಪಲಿಲ್ಲ. ಆ ಸೊಕ್ಕು ಮುಂದೆ ನನ್ನನ್ನು ಎಲ್ಲೆಲ್ಲಿಗೆ ಒಯ್ದಿತು ಎಂಬುದನ್ನು ಗಿರಿಜಾ ನನಗಿಂತ ಚೆನ್ನಾಗಿ ಹೇಳುತ್ತಾಳೆ. ಯಾರು ಕೇಳಿದರೂ ಹೇಳುತ್ತಾಳೆ, ಕೇಳದಿದ್ದರೂ ಹೇಳುತ್ತಾಳೆ.

ಅವಳು ಮೊದಲು ಹೇಳುವುದು ರನ್ನ ಬೆಳಗಲಿಯ ಮದುವೆಯ ಕಥೆ. ದೂರದ ಬೀಗರ ಮದುವೆ. ಕಾರು ನಾನೇ ನಡೆಸುತ್ತಿದ್ದೆ. ದೊಡ್ಡ ರಸ್ತೆ ಬಿಟ್ಟು ಒಳದಾರಿ ಹಿಡಿದೆ, ಹತ್ತಿರವಾಗುತ್ತದೆ ಎಂದು. ಎರಡೂ ಕಡೆ ಆಳೆತ್ತರ ಮೀರಿ ಕಬ್ಬು. ಕಬ್ಬಿನ ನಡುವೆ ಹೊಕ್ಕರೆ ಮೇಲೆ ಒಂದು ಪಟ್ಟಿಯಷ್ಟು ಆಕಾಶ ಬಿಟ್ಟರೆ ಏನೂ ಕಾಣುವುದಿಲ್ಲ. ಎದುರು ಬಂದ ಟ್ರ್ಯಾಕ್ಟರಿನವನನ್ನು ಕೇಳಿರಿ ಎಂದು ಗಿರಿಜಾ ಅಂಗಲಾಚಿದಳು. "ಕೇಳೂದೇನೈತಿ, ನನಗ ಗೊತ್ತೈತಿ" ಎಂದೆ. ಕಡೆಗೂ ಒಂದು ಊರು ಬಂತು, ಹಂದರ ಕಂಡಿತು, ವಾಲಗದ ಸದ್ದು ಕೇಳಿತು. ನುಗ್ಗಿ ಅಕ್ಷತೆ ಹಾಕಿದೆವು. ಸಜ್ಜಕದ ಹೋಳಿಗೆ ಉಂಡೆವು. ಕೈ ತೊಳೆಯುವಾಗ ಗಿರಿಜಾ ನನ್ನ ಕಿವಿಯಲ್ಲಿ, "ಮದಿಮಗ ನಮ್ಮ ಪೈಕಿಯಾವ ಅಲ್ರಿ" ಎಂದಳು. ಅದು ರನ್ನ ಬೆಳಗಲಿಯೇ ಅಲ್ಲ! ಆ ಮನೆಯವರು ಒಳ್ಳೆಯವರು, ಎಲೆ ಅಡಿಕೆ ಕೊಟ್ಟು ಕಳಿಸಿದರು. ವಾಪಸು ಬರುವಾಗ ನಾನು, "ದಿಕ್ಕ ಬರೋಬ್ಬರಿನ ಇತ್ತು, ಊರ ಅಷ್ಟ ತಪ್ಪಿತು" ಎಂದೆನಂತೆ. ಅಂದಿರಬಹುದು. ಈಗಲೂ ನನ್ನ ಅಭಿಪ್ರಾಯ ಅದೇ.

ಇಂಥವನಿಗೆ ವಿಮಾನ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನನ್ನನ್ನು ನಾನೇ ಕೇಳಿಕೊಂಡಿದ್ದೇನೆ, ಉತ್ತರ ಸಿಕ್ಕಿಲ್ಲ. ಜಮಖಂಡಿಯಲ್ಲಿ ಪೈಪು, ಮೋಟರಿನ ಅಂಗಡಿ ಇದೆ, ಹೊಲ ಇದೆ, ಮಕ್ಕಳು ತಮ್ಮ ತಮ್ಮ ದಾರಿ ಹಿಡಿದಿದ್ದಾರೆ. ಐವತ್ತು ದಾಟುವ ಹೊತ್ತಿಗೆ ಕೆಲವರು ಮಠಕ್ಕೆ ಹೋಗುತ್ತಾರೆ, ಕೆಲವರು ಚುನಾವಣೆಗೆ ನಿಲ್ಲುತ್ತಾರೆ. ನಾನು ಗಡಿಯಾಚೆ, ಮಹಾರಾಷ್ಟ್ರದ ಒಂದು ಊರಿನ ವಿಮಾನ ಶಾಲೆಗೆ ಸೇರಿದೆ. ಹೇಗೋ ಖಾಸಗಿ ಪೈಲಟ್ ಲೈಸೆನ್ಸೂ ಬಂತು. ಆ ಲೈಸೆನ್ಸಿನ ನಿಯಮ ಸರಳವಾದದ್ದು: ಕಣ್ಣಿಗೆ ನೆಲ, ಬಾನು ನಿಚ್ಚಳವಾಗಿ ಕಾಣುತ್ತಿರುವಾಗ ಮಾತ್ರ ಹಾರಬೇಕು. ಮೋಡ, ಮಂಜು ಬಂದರೆ ಮನೆಯಲ್ಲಿರಬೇಕು.

ಒಂದು ಚಳಿಗಾಲದ ಮುಂಜಾನೆ ಬಾನು ನಿಚ್ಚಳವಾಗಿತ್ತು, ಶಾಲೆಯ ವಿಮಾನ ತೆಗೆದುಕೊಂಡು ಹಾರಿದೆ. ಮೇಲೆ ಹೋದ ಮೇಲೆ ಕೆಳಗೆ ಮಬ್ಬು ಕವಿಯಿತು. ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಸುಟ್ಟ ಹೊಗೆಯೂ ಅದಕ್ಕೆ ಸೇರಿರಬೇಕು. ಇಳಿಯಬೇಕಾದ ಮೈದಾನವೇ ಮಾಯ! ರೇಡಿಯೋದಲ್ಲಿ ಒಂದು ಮಾತು ಕೇಳಿದ್ದರೆ ದಾರಿ ಹೇಳುತ್ತಿದ್ದರು. ಕೇಳಲಿಲ್ಲ. ಗೊತ್ತಿಲ್ಲ ಎನ್ನುವ ಮಾತು ನನ್ನ ಗಂಟಲಲ್ಲಿ ಯಾವಾಗಲೂ ಸಿಕ್ಕಿಕೊಳ್ಳುತ್ತದೆ. ಅಲ್ಲಲ್ಲಿ ಸುತ್ತುತ್ತಿರುವಾಗ ಒಂದು ರೈಲು ಹಳಿ ಕಂಡಿತು, ಅದರ ಬೆನ್ನು ಹತ್ತಿ ಬೇರೆಯೇ ಊರಿನಲ್ಲಿ ಇಳಿದೆ. ಫೋನು ಸತ್ತುಹೋಗಿತ್ತು. ಮನೆಯಲ್ಲಿ ಗಿರಿಜಾ ಇಡೀ ದಿನ ನೀರೂ ಮುಟ್ಟದೆ ಬಾಗಿಲಲ್ಲಿ ಕೂತಿದ್ದಳಂತೆ. ಮರುದಿನ ಮನೆಗೆ ಬಂದು, "ದಾರಿ ಗೊತ್ತಿತ್ತು, ಸುಮ್ಮ ಒಂದ ಸುತ್ತ ಹಾಕಿದೆ" ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು. ಎರಡು ದಿನ ಬಿಟ್ಟು, ಚಹಾದ ಕಪ್ಪು ಮುಂದಿಟ್ಟು ಮಾತು ತೆಗೆದಳು.

"ಮಬ್ಬಿನಾಗ ಹಾರೂ ಪರೀಕ್ಷಾ ಒಂದ ಐತೆಲ್ರಿ?"

"ಐತಿ. ಭಾಳ ಕಠಿಣ ಐತಿ ಅದು."

"ಅದನ್ನ ಕಲೀರಿ. ಪಾಸಾದ್ರ ನಿಮ್ಮ ವಿಮಾನದಾಗ ನಾನೂ ಕೂಡತೀನಿ. ನಪಾಸಾದ್ರ ನೀವೂ ಕೂಡಂಗಿಲ್ಲ. ಹೂಂ ಅಂತೀರೋ, ಇಲ್ಲೋ?"

ನಾನು ಹೂಂ ಎಂದೆ. ಅಲ್ಲಿಯವರೆಗೆ ಎಷ್ಟು ಕರೆದರೂ ಅವಳು ನನ್ನೊಡನೆ ವಿಮಾನ ಹತ್ತಿರಲಿಲ್ಲ. ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಒಂದು ಸಲ ಹಾರಬೇಕೆಂಬುದು ನನ್ನ ದೊಡ್ಡ ಆಸೆ. ಹಾರುವುದನ್ನೇ ಬಿಡುವುದಂತೂ ಊಟ ಬಿಟ್ಟ ಹಾಗೆ. ಹೀಗಾಗಿ ಆ ಪರೀಕ್ಷೆಯ ಹಿಂದೆ ಬಿದ್ದೆ.

ನನಗೆ ಕಲಿಸಲು ಬಂದವಳು ಅಶ್ವಿನಿ, ಮುಧೋಳದ ಹುಡುಗಿ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು. ನೆಲದ ಮೇಲೆ ಇರುವಾಗ ನಾನು ಅವಳಿಗೆ ತಂಗೀ ಎನ್ನುತ್ತಿದ್ದೆ, ಅವಳು ಕಾಕಾರ ಎನ್ನುತ್ತಿದ್ದಳು. ವಿಮಾನದಲ್ಲಿ ಕೂತ ಕೂಡಲೇ ನಾನು ಮೇಡಮ್ಮಾರ ಎನ್ನಬೇಕು, ಅವಳು ಮಾತ್ರ ಕಾಕಾರ ಎಂದೇ ಬೈಯುತ್ತಿದ್ದಳು. ಮೊದಲ ದಿನವೇ ಆ ಮುಸುಕನ್ನು ನನ್ನ ತಲೆಗೆ ತೊಡಿಸಿದಳು. ಹೊರಗಿನ ಲೋಕವೆಲ್ಲ ಹೋಯಿತು. ಕಣ್ಣ ಮುಂದೆ ಗಡಿಯಾರದಂಥ ಬಿಲ್ಲೆಗಳು ಮಾತ್ರ ಉಳಿದವು: ಒಂದರಲ್ಲಿ ಎತ್ತರ, ಒಂದರಲ್ಲಿ ವೇಗ, ಒಂದರಲ್ಲಿ ದಿಕ್ಕು, ನಡುವಿನದರಲ್ಲಿ ಅರ್ಧ ನೀಲಿ ಬಾನು, ಅರ್ಧ ಕಂದು ನೆಲ.

ಹಾರಿದ ಸ್ವಲ್ಪ ಹೊತ್ತಿಗೆ ವಿಮಾನ ಬಲಕ್ಕೆ ವಾಲಿದೆ ಎನಿಸಿತು. ನಾನು ಎಡಕ್ಕೆ ಒತ್ತಿದೆ.

"ಕಾಕಾರ, ಯಾಕ ಎಡಕ್ಕ ವಾಲಸಾಕತ್ತೀರಿ?"

"ಬಲಕ್ಕ ವಾಲೇತೆಲ್ರಿ ಮೇಡಮ್ಮಾರ, ನೆಟ್ಟಗ ಮಾಡಾಕತ್ತೇನಿ."

"ನೆಟ್ಟಗ ಇತ್ರಿ. ನಡುವಿನ ಬಿಲ್ಲಿ ನೋಡ್ರಿ, ಅದು ಏನ ಹೇಳತೈತಿ?"

"ಅದು ನೆಟ್ಟಗ ಐತಿ ಅಂತೈತಿ. ನನ್ನ ಮೈ ಬಲಕ್ಕ ಐತಿ ಅಂತೈತಿ."

"ನಿಮ್ಮ ಕಿವ್ಯಾಗಿನ ನೀರ ತುಳಕತಾವ, ಅದಕ್ಕ ಹಂಗ ಅನಸತೈತಿ. ಕಿವಿ ಸುಳ್ಳ ಹೇಳತೈತ್ರಿ ಕಾಕಾರ, ಬಿಲ್ಲಿ ಖರೆ ಹೇಳತೈತಿ."

ಅಲ್ಲ, ನೀವೇ ಹೇಳಿ. ಹುಟ್ಟಿದಾಗಿನಿಂದ ನನ್ನ ಜೊತೆಗಿರುವ ಕಿವಿ ಸುಳ್ಳು, ನಿನ್ನೆ ಮೊನ್ನೆ ಪರಿಚಯವಾದ ಬಿಲ್ಲೆ ಖರೆ! ಸೊಂಟ ಒಂದು ಹೇಳುತ್ತದೆ, ಹೊಟ್ಟೆ ಇನ್ನೊಂದು ಹೇಳುತ್ತದೆ, ಕಣ್ಣು ಮೂರನೆಯದನ್ನು ಓದುತ್ತದೆ. ಇವರೆಲ್ಲರ ನಡುವೆ ಪಂಚಾಯಿತಿ ಮಾಡುವಷ್ಟರಲ್ಲಿ ವಿಮಾನ ನೂರಾರು ಅಡಿ ಕೆಳಗೆ ಇಳಿದಿರುತ್ತಿತ್ತು.

ದಿಕ್ಕಿನದು ಬೇರೆ ಗೋಳು. ವಿಮಾನದವರು ದಿಕ್ಕಿಗೆ ಅಂಕಿ ಹೇಳುತ್ತಾರೆ. ತೊಂಬತ್ತು ಅಂದರೆ ಮೂಡಲು, ನೂರಾ ಎಂಬತ್ತು ತೆಂಕಲು, ಇನ್ನೂರಾ ಎಪ್ಪತ್ತು ಪಡುವಲು, ಮುನ್ನೂರಾ ಅರವತ್ತು ಬಡಗಲು. ಅಂಕಿ ನನ್ನ ತಲೆಗೆ ಹತ್ತಲಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ದಿಕ್ಕಿನ ಬಿಲ್ಲೆಯ ನಟ್ಟನಡುವೆ ನಮ್ಮ ಜಮಖಂಡಿಯನ್ನು ಕೂಡಿಸಿದೆ. ಬಡಗಲಿಗೆ ಹೊಳೆಯ ದಂಡೆಯ ಚಿಕ್ಕಪಡಸಲಗಿ, ಮೂಡಲಿಗೆ ಬೀಳಗಿ, ತೆಂಕಲಿಗೆ ಮುಧೋಳ, ಪಡುವಲಿಗೆ ಬನಹಟ್ಟಿ. ಪಟಪಟನೆ ಬರತೊಡಗಿತು. ಇನ್ನೂರಾ ಎಪ್ಪತ್ತಕ್ಕೆ ತಿರುಗಿ ಎಂದರೆ ನಾನು ಮನಸ್ಸಿನಲ್ಲೇ ಬನಹಟ್ಟಿಯ ಬಸ್ಸು ಹತ್ತುತ್ತಿದ್ದೆ. ಒಂದು ದಿನ ಬಾಯಿ ತಪ್ಪಿ, "ಮುಧೋಳಕ್ಕ ತಿರಗ್ಲೇನ್ರಿ?" ಎಂದುಬಿಟ್ಟೆ. ಅಶ್ವಿನಿಗೆ ನನ್ನ ಗುಟ್ಟು ತಿಳಿಯಿತು.

"ಅಲ್ರೀ ಕಾಕಾರ, ಮುಧೋಳ ಯಾಕ ತೆಂಕಲ ಆಗಬೇಕು? ನಮ್ಮೂರ ನಡುವಿರಲಿ. ಆಗ ನಿಮ್ಮ ಜಮಖಂಡಿ ಬಡಗಲಕ್ಕಾಗತೈತಿ."

"ಅದ್ಹೆಂಗ ಆಗತೈತಿ? ಜಮಖಂಡಿ ನಡುವ ಐತಿ."

"ಯಾರ ಹೇಳ್ಯಾರ?"

ಯಾರು ಹೇಳಬೇಕು? ಅದು ಇದ್ದದ್ದೇ ಹಾಗೆ. ಮುಸುಕಿನೊಳಗೆ ಬೆವರು ಸುರಿಸುತ್ತ, ನೆಲ ಬಿಟ್ಟು ಅಷ್ಟು ಮೇಲೆ, ನಾವಿಬ್ಬರೂ ಯಾವ ಊರು ಲೋಕದ ನಡುವೆ ಇದೆ ಎಂದು ಜಗಳಾಡಿದೆವು. ಅವಳು ಸೋಲಲಿಲ್ಲ, ನಾನೂ ಸೋಲಲಿಲ್ಲ. ಅಷ್ಟರಲ್ಲಿ ವಿಮಾನ ಬೀಳಗಿಯ ಕಡೆ ಮುಖ ಮಾಡಿತ್ತು.

ಆದರೆ ಅಸಲಿ ಪಜೀತಿ ಇದಲ್ಲ. ನಾನು ಆ ಶಾಲೆಯ ಊರಿಗೆ ಮೊದಲ ಸಲ ಹೋದದ್ದು ಗೆಳೆಯನ ಕಾರಿನಲ್ಲಿ, ನಿದ್ದೆ ಮಾಡುತ್ತ. ಕಣ್ಣು ಬಿಟ್ಟಾಗ ಕಾರು ಯಾವುದೋ ಬಳಸುದಾರಿಯಲ್ಲಿ ಸುತ್ತಿ ಊರೊಳಗೆ ಬಂದಿತ್ತು. ಆ ಗಳಿಗೆಯಲ್ಲಿ ನನ್ನ ತಲೆಯ ಗೂಟ ತಿರುಗಿ ಹುಗಿದುಕೊಂಡಿತು. ಆ ಊರಲ್ಲಿ ನನಗೆ ಮೂಡಲು ಇದ್ದಲ್ಲಿ ಪಡುವಲು ಕಾಣುತ್ತದೆ. ಸೂರ್ಯ ದಿನಾ ಪಡುವಲಿಗೆ ಹುಟ್ಟುತ್ತಾನೆ, ಮೂಡಲಿಗೆ ಮುಳುಗುತ್ತಾನೆ. ನಿಮ್ಮಲ್ಲಿ ಅನೇಕರಿಗೆ ಇದರ ಅನುಭವ ಇರಬೇಕು. ದಿಕ್ಕು ತಿರುಗಿದ ಊರು ಎಷ್ಟು ತಿಳಿಹೇಳಿದರೂ ನೆಟ್ಟಗಾಗುವುದಿಲ್ಲ. ಹಗಲಲ್ಲಿ ಕಣ್ಣು ಬಿಟ್ಟು ಹಾರುವಾಗ ಸಕ್ಕರೆ ಕಾರ್ಖಾನೆಯ ಚಿಮಣಿ, ನೀರಿನ ಟಾಕಿ ನೋಡಿಕೊಂಡು ಹೇಗೋ ನಿಭಾಯಿಸಿದ್ದೆ. ಈಗ ಮುಸುಕಿನೊಳಗೆ ಬಿಲ್ಲೆಯ ಲೆಕ್ಕದಲ್ಲಿ ಸರಿಯಾಗಿ ಹಾರಿ ಬಂದು, ಮುಸುಕು ತೆಗೆದ ಕೂಡಲೇ ನನ್ನ ಜೀವ ಹಾರಿಹೋಗುತ್ತಿತ್ತು. ಎದುರಿನ ರನ್‌ವೇ ತಿರುಗುಮುರುಗು! ಮುಚ್ಚಿದಾಗ ದಾರಿ ಗೊತ್ತು, ಕಣ್ಣು ಬಿಟ್ಟರೆ ಗೊತ್ತಿಲ್ಲ. ಇದೆಂಥ ವಿದ್ಯೆ ಎಂದು ನನಗೆ ತಿಳಿಯದಾಯಿತು.

"ತಂಗೀ, ನನಗ ಈ ಊರಾಗ ದಿಕ್ಕ ತಿರಗೇತವ್ವಾ" ಎಂದು ಒಂದು ದಿನ ಚಹಾದಂಗಡಿಯಲ್ಲಿ ಹೇಳಬೇಕೆಂದು ಬಾಯಿ ತೆರೆದೆ. "ತಂಗೀ, ಚಹಾಕ್ಕ ಸಕ್ಕರಿ ಕಡಿಮಿ ಆಗೇತಿ" ಎಂದು ಬಾಯಿ ಮುಚ್ಚಿದೆ.

ಪರೀಕ್ಷೆಯ ದಿನ ಬಂತು. ಪರೀಕ್ಷಕರು ಮೈಸೂರು ಕಡೆಯ ಹಿರಿಯರು. ನಯವಾದ ಮಾತು, ಕಟ್ಟುನಿಟ್ಟಿನ ಮೂಗು. ಅಶ್ವಿನಿ ಕೆಳಗೇ ಉಳಿದಳು. ಕೋಣೆಯೊಂದರಲ್ಲಿ ಉಳಿದ ಹುಡುಗರ ಜೊತೆ ಕೂತು, ನಾವು ಮೇಲಿಂದ ಮಾತಾಡುವುದನ್ನು ರೇಡಿಯೋದಲ್ಲಿ ಕೇಳುತ್ತಿದ್ದಳು. ಹೊರಡುವ ಮುಂಚೆ ಗಿರಿಜಾಳ ಫೋನು ಬಂತು. "ಶಾಂತ ಇರ್ರಿ" ಎಂದಳು, ಅಷ್ಟೇ. ನಮ್ಮ ಶರತ್ತನ್ನು ಅವಳೂ ನೆನಪಿಸಲಿಲ್ಲ, ನಾನೂ ಎತ್ತಲಿಲ್ಲ.

ಮೇಲೆ ಹೋದ ಮೇಲೆ, ನಂಬಿದರೆ ನಂಬಿ, ಎಲ್ಲ ಛಲೋ ಆಯಿತು. ಮುಸುಕಿನೊಳಗೆ ಮೈ ಏನೇನೋ ಕೂಗಿತು, ಕೂಗಲಿ ಎಂದು ಬಿಟ್ಟೆ. ಬೀಳಗಿಗೆ ಹೋದೆ, ಚಿಕ್ಕಪಡಸಲಗಿಗೆ ಹೋದೆ, ಕಡೆಗೆ ಇಳಿಯುವ ಸಲುವಾಗಿ ಬನಹಟ್ಟಿಗೆ ಮುಖ ಮಾಡಿದೆ. ಮುಳ್ಳುಗಳು ಇದ್ದಲ್ಲಿಂದ ಅಲ್ಲಾಡಲಿಲ್ಲ. ಪರೀಕ್ಷಕರು "ಸೊಗಸಾಗಿದೆ" ಎಂದದ್ದು ನನ್ನ ಕಿವಿಗೇ ಕೇಳಿತು. ಗಿರಿಜಾ ಪಕ್ಕದಲ್ಲಿ ಕೂತು ಸೆರಗು ಬಿಗಿಮಾಡಿಕೊಳ್ಳುವುದು ಕಣ್ಣಿಗೆ ಕಟ್ಟಿತು.

"ಈಗ ಮುಸುಕು ತೆಗೆಯಿರಿ, ಇಳಿಸಿ" ಎಂದರು.

ತೆಗೆದೆ. ಎದುರಿಗೇ ರನ್‌ವೇ, ಗೆರೆ ಎಳೆದಷ್ಟು ನೆಟ್ಟಗೆ. ಬಿಲ್ಲೆ ಬನಹಟ್ಟಿ ಎನ್ನುತ್ತದೆ, ಕಣ್ಣು ಬೀಳಗಿ ಎನ್ನುತ್ತದೆ. ಉಲ್ಟಾ ತುದಿಯಿಂದ ಬಂದಿದ್ದೇನೆ, ಎದುರಿನಿಂದ ಇನ್ನೊಬ್ಬ ಹಾರಿ ಬರುತ್ತಾನೆ ಎಂದು ಖಾತ್ರಿಯಾಯಿತು. ಪಕ್ಕದಲ್ಲಿ ಇನ್ನೊಬ್ಬರ ಜೀವ ಇದೆ. ಇಂಜಿನ್ನಿಗೆ ಪೂರ್ತಿ ಜೋರು ಕೊಟ್ಟು ಮೇಲಕ್ಕೆ ಎತ್ತಿಬಿಟ್ಟೆ. ಇಳಿಯದೆ ಮೇಲೆದ್ದರೆ ಬಡಗಲಿಗೆ ತಿರುಗಬೇಕು ಎಂಬುದು ಅಲ್ಲಿಯ ನಿಯಮ. ತಿರುಗಿದೆ. ಯಾವ ಬಡಗಲಿಗೆ? ನನ್ನ ತಲೆಯ ಬಡಗಲಿಗೆ. ಚಿಕ್ಕಪಡಸಲಗಿಗೆ ಹೋಗಬೇಕಾದ ಮುಳ್ಳು ನೋಡನೋಡುತ್ತ ಮುಧೋಳಕ್ಕೆ ಹೊರಟಿತ್ತು.

ಪರೀಕ್ಷಕರು ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು. ಯಾವುದು ಖರೆ, ಯಾವುದು ಸುಳ್ಳು, ನನಗೆ ಒಂದೂ ತಿಳಿಯಲಿಲ್ಲ. ಗಂಟಲಿಗೆ ಆ ಮಾತು ಬಂದು ನಿಂತಿತು. ನುಂಗಿದೆ, ಮತ್ತೆ ಬಂತು. ರೇಡಿಯೋದ ಗುಂಡಿ ಒತ್ತಿ, ನನ್ನ ಮುರುಕು ಇಂಗ್ಲಿಷಿನಲ್ಲಿ, "ನನಗೆ ದಿಕ್ಕು ತಿಳಿಯುತ್ತಿಲ್ಲ. ಎಲ್ಲಿದ್ದೇನೆ ಗೊತ್ತಿಲ್ಲ. ದಾರಿ ಹೇಳಿ" ಎಂದೆ.

ವಿಮಾನಗಳಿಗೆ ದಾರಿ ಹೇಳುವ ಟವರಿನ ಪುಣ್ಯಾತ್ಮ ಬೇಸರವಿಲ್ಲದೆ ಅಂಕಿ ಹೇಳಿದ. ಹೇಳಿದ ಅಂಕಿಗೆ ತಿರುಗಿದೆ. ಇನ್ನೊಂದು ಅಂಕಿ ಹೇಳಿದ, ಅದಕ್ಕೂ ತಿರುಗಿದೆ. ಮತ್ತೆ ಅದೇ ರನ್‌ವೇ ಎದುರಿಗೆ ಬಂತು, ಅದೇ ತಿರುಗುಮುರುಗು. ಇರಲಿ ಎಂದು ಇಳಿಸಿದೆ.

ಕೆಳಗಿಳಿದ ಮೇಲೆ ಪರೀಕ್ಷಕರು ಕನ್ನಡಕ ಒರೆಸಿಕೊಂಡರು. "ಮೊದಲನೆಯ ಸಲವೇ ಸರಿಯಾಗಿ ಬಂದಿದ್ದಿರಲ್ಲ, ಯಾಕೆ ಇಳಿಸದೆ ಮೇಲೆತ್ತಿದಿರಿ?"

"ದಿಕ್ಕ ತಿರಗೇತ್ರಿ ಸರ್."

"ಅಂದರೆ?"

ಮೈಸೂರಿನವರಿಗೆ ಅದನ್ನು ಹೇಗೆ ಬಿಡಿಸಿ ಹೇಳಲಿ? "ತಪ್ಪು ಕಡೆಗೆ ತಿರುಗಿದ್ದನ್ನು ನಾನು ಬಿಡುವಂತಿಲ್ಲ. ಈ ಸಲ ಆಗಲಿಲ್ಲ, ಇನ್ನೊಮ್ಮೆ ಬನ್ನಿ" ಎಂದರು. ಕೈ ಕುಲುಕಿದರು. ಅವರಿಗೇನು ಗೊತ್ತು, ನನಗೆ ಇನ್ನೊಮ್ಮೆ ಎಂಬುದಿಲ್ಲ ಎಂದು. ಅಶ್ವಿನಿ ಓಡಿ ಬಂದಳು, ಕಣ್ಣು ಕೆಂಪಾಗಿತ್ತು. "ಕಾಕಾರ, ಮೊದಲ ಯಾಕ ಹೇಳಲಿಲ್ರಿ ನನಗ? ಹೇಳಿದ್ರ ಏನಾರ ಮಾಡತಿದ್ನೆಲ್ರಿ" ಎಂದಳು. ನನಗೆ ಅಳು ಬಂತು. ಅವಳ ಮುಂದೆ ಅಳಬಾರದೆಂದು ಕಾರು ಹತ್ತಿದೆ.

ದಾರಿಯುದ್ದಕ್ಕೂ ಒಂದೊಂದು ಸುಳ್ಳು ಕಟ್ಟಿದೆ. ಹವಾ ಸರಿ ಇರಲಿಲ್ಲ ಎನ್ನಲೇ, ಪರೀಕ್ಷಕ ಸಿಡುಕ ಎನ್ನಲೇ? ಮೀರಜ ದಾಟುವಷ್ಟರಲ್ಲಿ ಮೂರ್ನಾಲ್ಕು ಸುಳ್ಳು ತಯಾರಾಗಿದ್ದವು. ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಗಿರಿಜಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನ ಮುಖ ನೋಡಿ, ಕೇಳದೆ, ಒಂದು ಮಣೆ ನನ್ನ ಕಡೆ ಸರಿಸಿದಳು. ಕೂತೆ. ಕಟ್ಟಿ ತಂದ ಸುಳ್ಳುಗಳು ಒಂದೂ ನೆನಪಾಗಲಿಲ್ಲ.

"ನಪಾಸ" ಎಂದೆ.

ಅವಳ ಕೈ ನಿಲ್ಲಲಿಲ್ಲ. "ಏನಾತು?"

ಎಲ್ಲ ಹೇಳಿದೆ. ಇಳಿಯುವಾಗ ಅನುಮಾನ ಬಂದದ್ದು, ಮೇಲೆ ಎತ್ತಿದ್ದು, ಚಿಕ್ಕಪಡಸಲಗಿ ಬಿಟ್ಟು ಮುಧೋಳಕ್ಕೆ ತಿರುಗಿದ್ದು. "ಕಡೀಕ ಒಂದೂ ತಿಳೀಲಿಲ್ಲ. ಗೊತ್ತಿಲ್ಲ, ದಾರಿ ಹೇಳ್ರಿ ಅಂತ ರೇಡಿಯೋದಾಗ ಕೇಳಿದೆ."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಏನಂದ್ರಿ?"

"ದಾರಿ ಕೇಳಿದೆ."

"ನೀವು? ಬಾಯಿಬಿಟ್ಟ ಕೇಳಿದ್ರಿ?"

"ಹೂಂ. ಸಾಲ್ಯಾಗಿನ ಹುಡುಗೂರೆಲ್ಲಾ ಕೇಳಿಸಿಕೊಂಡಾರ. ಮಾನಾ ಹೋತು."

ಗಿರಿಜಾ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹಾಗೆ ನೋಡಿದ್ದು ನನಗೆ ನೆನಪಿಲ್ಲ. ಬೈಯುತ್ತಾಳೋ, ಅಳುತ್ತಾಳೋ, ಏನೂ ತಿಳಿಯಲಿಲ್ಲ.

"ಬರೂ ಆದಿತವಾರ ಆಕಾಶ ನಿಚ್ಚಳ ಇದ್ರ ನನ್ನ ಕರಕೊಂಡ ಹೋಗ್ರಿ. ಕೂಡತೀನಿ."

"ಅಲ್ಲ, ನಾ ನಪಾಸ ಆಗೇನಿ. ನಪಾಸಾದ್ರ ನೀವೂ ಕೂಡಂಗಿಲ್ಲ ಅಂದಾಕಿ ನೀನ."

"ಅಂದಿದ್ದೆ. ಪಾಸಾಗಿದ್ರ ಮಾತ ಕೊಟ್ಟೀನಂತ ಜೀವಾ ಕೈಯಾಗ ಹಿಡಕೊಂಡ ಕೂಡತಿದ್ದೆ" ಎಂದು ಗಿರಿಜಾ ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಈಗ ಅಂಜಿಕಿ ಇಲ್ಲದ ಕೂಡತೀನಿ."